ಬಲಗಡೆ ಇಲ್ಲದ ಗುಡ್ಡ

ಮೇಷ್ಟ್ರ ದನಿಗೆ ಜೋಗುಳದ ಗುಣವಿತ್ತು. ಅದು ಅವರ ತಪ್ಪಲ್ಲ. ಎಲ್ಲೋ ಒಂದು ಕೋಣೆಯಲ್ಲಿ, ಫ್ಯಾನಿನ ಸದ್ದಿನ ನಡುವೆ, ಎಂದೋ ಕೂತು ಹೇಳಿ ಮುಗಿಸಿದ ಪಾಠ ಅದು. ಮೊಬೈಲಿನ ಮೇಲೆ ಬೆರಳು ಒತ್ತಿದಾಗಲೆಲ್ಲ ಅವರು ಅದೇ ಜಾಗದಲ್ಲಿ ಕೆಮ್ಮುತ್ತಿದ್ದರು, ಅದೇ ಜಾಗದಲ್ಲಿ ನೀರು ಕುಡಿಯುತ್ತಿದ್ದರು, "ಅವಸರ ಏನಿಲ್ಲ, ನಿಧಾನವಾಗೇ ಹೋಗೋಣ" ಎನ್ನುತ್ತಿದ್ದರು. ಭಾನುವಾರ ಊಟವಾದ ಮೇಲೆ ಅಡುಗೆಮನೆಯ ಮೇಜಿನಲ್ಲಿ, ಉಪ್ಪಿನ ಡಬ್ಬಿಗೆ ಮೊಬೈಲು ಒರಗಿಸಿ ಸೊಸೆ ಕೂತರೆ ಸಾಕು, ಪಕ್ಕದ ಕೋಣೆಯಿಂದ ಅತ್ತೆಯ ಕೂಗು ಬರುತ್ತಿತ್ತು.

"ಏನಮ್ಮಾ, ಇನ್ನೂ ಮೇಷ್ಟ್ರನ್ನ ಹಾಕ್ಲಿಲ್ವಾ? ಕಣ್ಣು ಎಳೀತಾ ಇದೆ."

ಹೀಗೆ, ಎಂಜಿನಿಯರಿಂಗ್ ಸಂಖ್ಯಾಶಾಸ್ತ್ರ ಎಂಬ ಬಾಯಿ ತುಂಬುವ ಹೆಸರಿನ ಆ ಆನ್‌ಲೈನ್ ಕೋರ್ಸಿಗೆ ಆ ಮನೆಯಲ್ಲಿ ಇಬ್ಬರು ವಿದ್ಯಾರ್ಥಿಗಳು. ಸೊಸೆ ಎಚ್ಚರದಲ್ಲಿ ಕಲಿಯುತ್ತಿದ್ದಳು, ಅತ್ತೆ ನಿದ್ದೆಯಲ್ಲಿ. ಯಾರಿಗೆ ಹೆಚ್ಚು ತಲೆಗೆ ಹತ್ತಿತೆಂದು ಹೇಳುವುದು ಕಷ್ಟ. ಒಮ್ಮೆ ತರಕಾರಿ ಅಂಗಡಿಯಲ್ಲಿ ಅತ್ತೆ, "ಮೇಲಿಂದ ಎತ್ತಿ ಕೊಡ್ಬೇಡಪ್ಪ, ರಾಶಿಯ ನಾಲ್ಕು ಕಡೆಯಿಂದ ಎತ್ತು. ಆಗ್ಲೇ ರಾಶಿ ಎಂಥದ್ದು ಅಂತ ಗೊತ್ತಾಗೋದು" ಎಂದು ಅಂಗಡಿಯವನಿಗೆ ಪಾಠ ಮಾಡಿದ್ದರು. ಸೊಸೆ ನಗು ತಡೆಯಲಾರದೆ ಈರುಳ್ಳಿಯ ಕಡೆ ತಿರುಗಿಕೊಂಡಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ಬೀಗದೊಳಗಿನ ಸ್ಪ್ರಿಂಗು ತಯಾರಿಸುವ ಕಾರ್ಖಾನೆಯಲ್ಲಿ, ತಪಾಸಣೆಯ ಮೇಜಿನಲ್ಲಿ. ಅಲ್ಲಿ ತಂತಿಯನ್ನು ಸುತ್ತಿ ಸ್ಪ್ರಿಂಗು ಮಾಡುವ ಯಂತ್ರಗಳು ಮೂರು. ಮೂರನೆಯದನ್ನು ನಡೆಸುವವನು ಅವಳ ಗಂಡ. ಗಂಟೆಗೊಮ್ಮೆ ಅವಳು ಒಂದೊಂದು ಯಂತ್ರದಿಂದ ಹಿಡಿಯಷ್ಟು ಸ್ಪ್ರಿಂಗು ತಂದು, ಒಂದೊಂದನ್ನೇ ಅಳತೆಯ ಪೀಠದ ಮೇಲೆ ನಿಲ್ಲಿಸಿ, ಮೇಲಿನ ಸಲಾಕೆಯನ್ನು ಮೆಲ್ಲಗೆ ಇಳಿಸಿ ಮುಳ್ಳು ಎಲ್ಲಿ ನಿಂತಿತೆಂದು ನೋಡಬೇಕು. ಡಯಲಿನ ಮೇಲೆ ಎರಡು ಕೆಂಪು ಗೆರೆ. ಮುಳ್ಳು ಅವುಗಳ ನಡುವೆ ನಿಂತರೆ ಸರಿ. ಬಲಗಡೆಯ ಗೆರೆ ದಾಟಿದರೆ ಸ್ಪ್ರಿಂಗು ಉದ್ದವಾಯಿತೆಂದು ಅರ್ಥ. ಆಗ ಯಂತ್ರ ನಿಲ್ಲಿಸಿ, ಆಪರೇಟರನ್ನು ಕರೆದು, ಹೊಸದಾಗಿ ಹೊಂದಿಸಲು ಹೇಳಬೇಕು. ಅಳತೆಯನ್ನೆಲ್ಲ ಅಲ್ಲೇ ಕಂಪ್ಯೂಟರಿಗೆ ಹಾಕಬೇಕು.

"ಗಂಡ ತಿರುಚಿದ್ದನ್ನ ಹೆಂಡತಿ ಅಳೆಯೋದು ಯಾವ ಮನೇಲಿಲ್ಲ ಹೇಳಿ" ಎಂದು ಪ್ಯಾಕಿಂಗಿನವರು ಚೇಷ್ಟೆ ಮಾಡುತ್ತಿದ್ದರು. ಅದಕ್ಕೆ ಅವಳ ಉತ್ತರ ಸಿದ್ಧವಿತ್ತು. ಮದುವೆಯಾದ ಹೊಸದರಲ್ಲೇ ಅವನದೊಂದು ಇಡೀ ಪೆಟ್ಟಿಗೆ ಮಾಲನ್ನು ಮುಲಾಜಿಲ್ಲದೆ ವಾಪಸ್ ಕಳಿಸಿದವಳು ಅವಳು. ಅವನು ಮೂತಿ ಊದಿಸಿಕೊಂಡು ಮನೆಗೆ ಬಂದು, ಊಟಕ್ಕೆ ಕೂತ ಮೇಲೆ ತಡೆಯಲಾರದೆ ನಕ್ಕುಬಿಟ್ಟಿದ್ದ. ಅಂದಿನಿಂದ ಕಾರ್ಖಾನೆಯಲ್ಲಿ ಅವಳ ಹೆಸರು ತಕ್ಕಡಿ. ಆ ಹೆಸರಿನ ಮೇಲೆ ಅವಳಿಗೆ ಒಡವೆಯ ಮೇಲಿನಷ್ಟೇ ಆಸೆ.

ತಪಾಸಣೆಯ ಮುಖ್ಯಸ್ಥರು ಸದ್ಯದಲ್ಲೇ ನಿವೃತ್ತರಾಗುವವರಿದ್ದರು. "ನಿನ್ನ ಕೈಗೆ ಕೊಟ್ಟು ಹೋಗೋಕೆ ನಂಗೆ ಇಷ್ಟ, ಆದ್ರೆ ಸರ್ಟಿಫಿಕೇಟ್ ಇಲ್ದೆ ಮೇಲಿನವರು ಒಪ್ಪಲ್ಲ" ಎಂದು ಅವರೇ ಕೋರ್ಸಿನ ದಾರಿ ತೋರಿಸಿದ್ದರು. ಓದು ಬಿಟ್ಟು ಯಾವ ಕಾಲವಾಯಿತೋ ಎಂದು ಅವಳು ಹಿಂಜರಿದಾಗ ಗಂಡನೇ ಸೇರಿಸಿದ. ಭಾನುವಾರದ ಚಹಾ ತನ್ನದು ಎಂದೂ ಹೇಳಿದ, ಹೇಳಿದಂತೆ ನಡೆದುಕೊಂಡ. ಈಚೆಗೆ ಮಾತ್ರ ಆ ಚಹಾ ಲೋಟಕ್ಕಿಂತ ಹೆಚ್ಚು ಮೇಜಿಗೆ ಬೀಳುತ್ತಿತ್ತು. "ಹೆಂಡತಿ ಓದೋದನ್ನ ನೋಡಿದ್ರೇ ಇವನಿಗೆ ಕೈ ನಡುಗುತ್ತೆ" ಎಂದು ಅತ್ತೆ ನಗುತ್ತಿದ್ದರು. ಅವಳೂ ನಗುತ್ತಾ ಬಟ್ಟೆಯಿಂದ ಮೇಜು ಒರೆಸುತ್ತಿದ್ದಳು.

ಕೋರ್ಸಿನ ಕೊನೆಗೊಂದು ಪ್ರಾಜೆಕ್ಟ್ ಇತ್ತು. ನೀವು ಕೆಲಸ ಮಾಡುವ ಜಾಗದ ಯಾವುದಾದರೂ ಒಂದು ಯಂತ್ರದ ಅಳತೆಗಳನ್ನು ತನ್ನಿ, ಚಿತ್ರ ಬಿಡಿಸಿ, ಅದು ಏನು ಹೇಳುತ್ತದೆಂದು ಬರೆಯಿರಿ. ಮುಖ್ಯಸ್ಥರು ಅಳತೆಗಳನ್ನೆಲ್ಲ ಅವಳಿಗೆ ಕಳಿಸಿಕೊಟ್ಟರು. ಮನೆಯೆಲ್ಲ ಮಲಗಿದ್ದ ಮಧ್ಯಾಹ್ನ, ಕಿಟಕಿಯ ಬಿಸಿಲು ಮೇಜಿನ ಕಾಲಿನವರೆಗೆ ಬಂದು ನಿಂತಿದ್ದಾಗ, ಅವಳು ಮೊದಲನೇ ಯಂತ್ರದ ಚಿತ್ರ ಬಿಡಿಸಿದಳು. ಒಂದೊಂದು ಅಳತೆಯೂ ತನ್ನ ಜಾಗ ಹುಡುಕಿಕೊಂಡು ಹೋಗಿ ಒಂದರ ಮೇಲೊಂದು ಕೂತಿತು. ನಡುವೆ ದಟ್ಟಣೆ, ಎರಡೂ ಬದಿಗೆ ತೆಳುವಾಗುತ್ತಾ ಇಳಿಯುವ ಇಳಿಜಾರು, ತುದಿಯಲ್ಲಿ ಗೆರೆ ದಾಟಿ ಹೋದ ಒಂದೆರಡು ತುಂಟ ಸ್ಪ್ರಿಂಗುಗಳು. ದುಂಡಗಿನ ಒಂದು ಗುಡ್ಡ. ತಾನು ದಿನವೂ ಮುಟ್ಟುವ ತಂತಿಯ ಚೂರುಗಳೆಲ್ಲ ಸೇರಿ ಹೀಗೊಂದು ಆಕಾರ ತಾಳುತ್ತವೆಂದು ಅವಳು ಎಣಿಸಿರಲಿಲ್ಲ. ಖುಷಿಗೆ ಕಣ್ಣು ತುಂಬಿಬಂತು.

ಮೇಷ್ಟ್ರ ದನಿ ಹರಿಯುತ್ತಲೇ ಇತ್ತು. ಅತ್ತೆಯ ಗೊರಕೆ ಅದಕ್ಕೆ ತಾಳ ಹಾಕುತ್ತಿತ್ತು. ಅವಳಿಗೂ ಜೊಂಪು ಹತ್ತಿತು. ಜೊಂಪಿನಲ್ಲಿ ಅವಳು ಆ ಗುಡ್ಡವನ್ನು ಹತ್ತುತ್ತಿದ್ದಳು. ಕಾಲಡಿಗೆ ಸ್ಪ್ರಿಂಗುಗಳು ಮೆತ್ತಗೆ ಕುಸಿದು ಮತ್ತೆ ಮೇಲೇಳುತ್ತಿದ್ದವು. ಪಕ್ಕದಲ್ಲಿ ಗಂಡ ಬರುತ್ತಿದ್ದ, ಅವಳ ಭುಜದ ಮೇಲೆ ಕೈಯಿಟ್ಟುಕೊಂಡು, ಅವಳು ಕಾಲಿಟ್ಟಲ್ಲೇ ಕಾಲಿಡುತ್ತಾ. ತುದಿ ಮುಟ್ಟಿ ಆಚೆ ಇಳಿಯೋಣವೆಂದರೆ ಆಚೆ ಇಳಿಜಾರೇ ಇರಲಿಲ್ಲ. ಗುಡ್ಡ ಅಲ್ಲಿಗೆ ಕತ್ತರಿಸಿದಂತೆ ಮುಗಿದಿತ್ತು. ಕೆಳಗೆ ಬರೀ ಬಿಳಿ. ಯಾಕೆ ನಿಂತೆ ಎಂದು ಅವನು ಕೇಳಿದ. ಏನಿಲ್ಲ, ಇಲ್ಲೇ ಕೂರೋಣ ಎಂದಳು.

ಎಚ್ಚರವಾದಾಗ ಕೈ ಜೋಮು ಹಿಡಿದಿತ್ತು. ಮುಖಕ್ಕೆ ನೀರು ಹಾಕಿಕೊಂಡು ಬಂದು ಎರಡನೇ ಯಂತ್ರದ ಚಿತ್ರ ಬಿಡಿಸಿದಳು. ಅದೂ ಗುಡ್ಡವೇ, ಕೊಂಚ ಅಗಲ. ಮೂರನೆಯದನ್ನೂ ಬಿಡಿಸಿದಳು. ಗುಡ್ಡ ಎಡದಿಂದ ಏರುತ್ತಾ ಬಂದು ಬಲಗಡೆಯ ಕೆಂಪು ಗೆರೆಯ ಹತ್ತಿರ ಎತ್ತರಕ್ಕೆ ನಿಂತುಬಿಟ್ಟಿತ್ತು. ಗೆರೆಯಿಂದಾಚೆ ಏನೂ ಇರಲಿಲ್ಲ.

ಕನಸು ಮುಂದುವರಿದಿದೆಯೇನೋ ಎಂದು ಅವಳಿಗೆ ಒಂದು ಕ್ಷಣ ಅನುಮಾನ. ಪಾಠವನ್ನು ಹಿಂದಕ್ಕೆ ಓಡಿಸಿ ನೋಡಿದಳು. ತಾನು ತೂಕಡಿಸಿದಾಗ ಮೇಷ್ಟ್ರು ಅದನ್ನೇ ಹೇಳಿದ್ದರು. "ಗುಡ್ಡ ಅಂದ್ಮೇಲೆ ಎರಡೂ ಕಡೆ ಇಳಿಜಾರು ಇರುತ್ತೆ. ಗೆರೆ ಹತ್ರ ಗೋಡೆ ಥರ ಕಡಿದು ನಿಂತಿದ್ರೆ ಯಂತ್ರವನ್ನ ಬೈಬೇಡಿ. ಅಳೆದೋರನ್ನ ಕೇಳಿ. ಗೆರೆ ಒಳಗೆ ಬಂದದ್ದನ್ನ ಅವರು ಹಾಗೇ ಬರ್ಕೊಂಡಿರ್ತಾರೆ. ಹೊರಗೆ ಹೋದದ್ದನ್ನ ಮಾತ್ರ ಎತ್ತಿ, ಒರೆಸಿ, ಒಳಗೆ ಬರೋವರೆಗೂ ಮತ್ತೆ ಮತ್ತೆ ಅಳೆದಿರ್ತಾರೆ. ಪಾಪ, ಬೇಕೂಂತ ಮಾಡಿರಲ್ಲ." ಆಮೇಲೆ ಕೆಮ್ಮಿದರು.

ಅಳೆದವರು ಯಾರು? ಅವಳ ಅನುಮಾನ ಸಹಜವಾಗಿಯೇ ಇನ್ನೊಬ್ಬರ ಮೇಲೆ ಹೋಯಿತು. ಎರಡನೇ ಪಾಳಿಯಲ್ಲಿ ಅಳೆಯುವವಳಿಗೆ ಮಾತು ಹೆಚ್ಚು, ಗಮನ ಕಡಿಮೆ. ಆಕೆಯ ಅಳತೆಗಳನ್ನು ಬೇರೆ ಮಾಡಿ ನೋಡಿದರೆ, ಆ ಮಾತಿನ ಮಲ್ಲಿಯ ಗುಡ್ಡಗಳೆಲ್ಲ ಮೂರು ಯಂತ್ರದಲ್ಲೂ ದುಂಡಗೇ ಇದ್ದವು. ಗೋಡೆ ಇದ್ದದ್ದು ತಕ್ಕಡಿಯ ಅಳತೆಯಲ್ಲಿ. ಅದೂ ಮೂರನೇ ಯಂತ್ರದಲ್ಲಿ ಮಾತ್ರ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಬೇಕಾಗುತ್ತದೆ, ಕೆಲವು ಸಲ. ಮರುದಿನ ಕಾರ್ಖಾನೆಯ ಮೇಜಿನಲ್ಲಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತನ್ನ ಕೈಯನ್ನೇ ಕಾದಳು. ಮೊದಲನೇ ಯಂತ್ರದ ಸ್ಪ್ರಿಂಗು ಗೆರೆ ದಾಟಿತು. ಕೈ ನೆಟ್ಟಗೆ ಕಂಪ್ಯೂಟರಿಗೆ ಹೋಯಿತು. ಮೂರನೆಯದರ ಸ್ಪ್ರಿಂಗು ಗೆರೆ ದಾಟಿತು. ಕೈ ತಾನಾಗಿಯೇ ಅದನ್ನು ಎತ್ತಿ, ಉಫ್ ಎಂದು ಊದಿ, ಕೊಂಚ ತಿರುಗಿಸಿ ಮತ್ತೆ ನಿಲ್ಲಿಸಿತು. ಸರಿಯಾಗಿ ಕೂತಿರಲಿಲ್ಲ ಅನಿಸುತ್ತೆ ಎಂದು ಮನಸ್ಸೊಳಗೆ ಯಾರೋ ಮೃದುವಾಗಿ ಹೇಳಿದರು. ಮುಳ್ಳು ಕೂದಲೆಳೆಯಷ್ಟು ಒಳಗೆ ಬಂತು. ಕಂಪ್ಯೂಟರಿನ ಕಡೆ ಹೋಗುತ್ತಿದ್ದ ಕೈಯನ್ನು ಅವಳು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ನಾಚಿಕೆಯಾಯಿತು. ಅದರ ಹಿಂದೆಯೇ ನಾಚಿಕೆಗಿಂತ ದೊಡ್ಡ ಭಯವೊಂದು ಬಂತು. ಅವನ ಸ್ಪ್ರಿಂಗು ಯಾಕೆ ಇಷ್ಟು ಸಲ ಗೆರೆ ದಾಟುತ್ತಿದೆ?

ತಲೆಯೆತ್ತಿ ನೋಡಿದಳು. ಕಾರ್ಖಾನೆಯ ಆ ತುದಿಯಲ್ಲಿ ಗಂಡ ಯಂತ್ರ ಹೊಂದಿಸುತ್ತಿದ್ದ. ಗೀಟುಗಳಿದ್ದ ಚಕ್ರವನ್ನು ನೋಡಲು ಕಣ್ಣಷ್ಟೇ ಹೊರಳಿಸುತ್ತಿರಲಿಲ್ಲ. ಇಡೀ ತಲೆಯನ್ನು ಎಡಕ್ಕೆ ತಿರುಗಿಸುತ್ತಿದ್ದ. ಆಮೇಲೆ ಹೆಬ್ಬೆರಳಿನಿಂದ ಗೀಟುಗಳನ್ನು ತಡವಿ ತಡವಿ ನೋಡುತ್ತಿದ್ದ.

ವಾರವಿಡೀ ಅವಳು ಒಳಗೊಳಗೇ ತಕರಾರು ನಡೆಸಿದಳು. ಮೊದಲನೇ ಯಂತ್ರದ ಗುಡ್ಡ ಅಂದವಾಗಿ ಕೂತಿದೆ, ಅದನ್ನೇ ಬರೆದು ಕಳಿಸಿದರೆ ಸರ್ಟಿಫಿಕೇಟು ಬರುತ್ತದೆ, ಮುಖ್ಯಸ್ಥರ ಕುರ್ಚಿಯೂ ಬರುತ್ತದೆ. ಮೂರನೆಯದರ ಬಗ್ಗೆ ಬಾಯಿ ಬಿಟ್ಟರೆ ತಕ್ಕಡಿ ಎಂಬ ಹೆಸರು ಹೋಗುತ್ತದೆ, ಅವನನ್ನು ಯಂತ್ರದಿಂದ ಇಳಿಸುತ್ತಾರೆ. ಆ ಯಂತ್ರದ ಸದ್ದು ಬದಲಾದರೆ ಅವನಿಗೆ ಊಟ ಸೇರದು. ಮೊದಲನೆಯದನ್ನೇ ಬರೆದು ಮುಗಿಸಿದಳು ಕೂಡ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ, ಒಂದು ವಾರದಿಂದ ಅವನ ಜೊತೆ ಮುಖ ಕೊಟ್ಟು ಮಾತಾಡಿಲ್ಲವೆಂಬುದು ನೆನಪಾಯಿತು.

ಭಾನುವಾರ, ಅತ್ತೆ ಮೇಷ್ಟ್ರಿಲ್ಲದೆಯೇ ಹೇಗೋ ನಿದ್ದೆ ಹೋದ ಮೇಲೆ, ಅವಳು ಮೊಬೈಲು ಹಿಡಿದು ಹಿತ್ತಲ ಮೆಟ್ಟಿಲಿಗೆ ಬಂದಳು. ಅವನು ಶೂ ಒರೆಸುತ್ತಾ ಕೂತಿದ್ದ.

"ರೀ, ಇದನ್ನ ನೋಡಿ."

ಅವನು ಮೊಬೈಲನ್ನು ಬಲಗಡೆ ಹಿಡಿದು ನೋಡಿದ. "ಗುಡ್ಡ ಥರ ಇದೆ. ಅರ್ಧ ಬಿಡಿಸಿ ಬಿಟ್ಬಿಟ್ಯಾ?"

"ಅದು ನಿಮ್ಮ ಯಂತ್ರ. ಉಳಿದರ್ಧ ನಾನು ತಿಂದುಹಾಕಿದ್ದೀನಿ."

ಅವಳು ಹೇಳಿದಳು. ಊದಿದ್ದು, ತಿರುಗಿಸಿದ್ದು, ಮತ್ತೆ ನಿಲ್ಲಿಸಿದ್ದು, ಬೇರೆ ಯಾರ ಮಾಲಿಗೂ ಹಾಗೆ ಮಾಡದಿದ್ದದ್ದು. ತನಗೇ ತಿಳಿಯದೆ ಮಾಡಿದ್ದೆಂದು ಹೇಳುವಾಗ ದನಿ ಕುಗ್ಗಿತು, ಏಕೆಂದರೆ ಅಷ್ಟು ತಿಳಿಯದೆಯೂ ಇರಲಿಲ್ಲವೇನೋ ಎಂದು ಈಗ ಅನಿಸುತ್ತಿತ್ತು. ಅವನು ಶೂವನ್ನು ಕೆಳಗಿಟ್ಟ. ಬ್ರಷ್ಷಿನ ಕೂದಲನ್ನು ಬೆರಳಲ್ಲಿ ಸವರಿದ.

"ಎಡಗಣ್ಣಲ್ಲಿ ಮಬ್ಬು ಶುರುವಾಗಿ ಬಹಳ ದಿನ ಆಯ್ತು" ಎಂದ. "ಚಕ್ರದ ಗೀಟು ಕರಗಿದ ಹಾಗೆ ಕಾಣುತ್ತೆ. ಡಾಕ್ಟ್ರ ಹತ್ರ ಹೋಗ್ಬೇಕು ಅಂತ ಅಂದ್ಕೊಳ್ತಿದ್ದೆ. ಆಮೇಲೆ ಸಂಜೆ ನೋಡಿದ್ರೆ ನನ್ನ ಮಾಲು ಒಂದೂ ವಾಪಸ್ ಬಂದಿರ್ತಿರ್ಲಿಲ್ಲ. ಅಳೆಯೋಳು ನೀನು. ನೀನು ಸರಿ ಅಂದ್ಮೇಲೆ ನನ್ನ ಕಣ್ಣು ಸರಿಯಾಗೇ ಇರ್ಬೇಕು, ಮಬ್ಬು ಅನ್ನೋದು ನನ್ನ ಭ್ರಮೆ ಅಂದ್ಕೊಂಡೆ."

ಅವನ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮೆಟ್ಟಿಲ ಮೇಲೆ ಕುಸಿದು ಕೂತು, ಅವನ ಎಡಗಡೆಗೆ ತಾನಿರುವುದು ಅವನಿಗೆ ಕಾಣುವುದಿಲ್ಲವೆಂದು ಹೊಳೆದು, ಎದ್ದು ಬಲಗಡೆಗೆ ಬಂದು ಕೂತು ಅತ್ತಳು. ಅವನು ಶೂ ಪಾಲಿಷ್ ಹತ್ತಿದ ಕೈಯಿಂದಲೇ ಅವಳ ಬೆನ್ನು ತಟ್ಟಿದ.

ಸೋಮವಾರ ಮುಖ್ಯಸ್ಥರಿಗೆ ಎಲ್ಲ ತಿಳಿಸಿದಳು. ಅವರು ಗೋದಾಮಿನ ಮಾಲನ್ನೆಲ್ಲ ಮತ್ತೆ ಅಳೆಯಲು ಹೇಳಿದರು. ಅವಳಿಗೆ ಬೈಯಲಿಲ್ಲ, ತಕ್ಕಡಿ ಎಂದು ಕರೆಯಲೂ ಇಲ್ಲ. ಕುರ್ಚಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಪ್ರಾಜೆಕ್ಟಿಗೆ ಅವಳು ಮೂರನೇ ಯಂತ್ರವನ್ನೇ ಬರೆದು ಕಳಿಸಿದಳು.

ಕಣ್ಣಿನ ಆಸ್ಪತ್ರೆಯಲ್ಲಿ ಅವನನ್ನು ಮಬ್ಬುಗತ್ತಲ ಕೋಣೆಯಲ್ಲಿ, ಬೋಗುಣಿಯಂಥ ಬಿಳಿ ಯಂತ್ರದೆದುರು ಕೂರಿಸಿದರು. ಒಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವಾಕೆಯ ಪರದೆ ಅವಳಿಗೆ ಕಾಣುತ್ತಿತ್ತು. ಅವನು ಕಂಡ ಚುಕ್ಕಿಗಳು ಅಲ್ಲಿ ಬಿಳಿಯಾಗಿ, ಕಾಣದವು ಕಪ್ಪಾಗಿ ಬೀಳುತ್ತಿದ್ದವು. ಕೋಣೆ ತಣ್ಣಗಿತ್ತು. ಗುಂಡಿಯ ಸದ್ದು ಟಿಕ್, ಟಿಕ್ ಎಂದು ಬರುತ್ತಿತ್ತು, ಆಮೇಲೆ ಬಹಳ ಹೊತ್ತು ಬರುತ್ತಿರಲಿಲ್ಲ. ಸದ್ದಿಲ್ಲದಾಗಲೆಲ್ಲ ಪರದೆಯ ಮೂಲೆಯಲ್ಲಿ ಕಪ್ಪು ಹರಡುತ್ತಿತ್ತು. ಒತ್ತಿ, ಈಗ ಒತ್ತಿ ಎಂದು ಅವಳ ಹೆಬ್ಬೆರಳು ಮಡಿಲಲ್ಲಿ ತಾನಾಗಿ ಅದುಮಿಕೊಳ್ಳುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಯ್ದುಕೊಳ್ಳಬಹುದು ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಎಷ್ಟು ಹೋಗಿದೆ ಎಂಬುದಷ್ಟೇ ಈಗ ತಿಳಿಯಬೇಕಿತ್ತು.

ಪರೀಕ್ಷೆ ಮುಗಿಯಿತು. ಆಕೆ ಒಳ್ಳೆಯವಳು. ಪರದೆಯ ಕಪ್ಪನ್ನು ನೋಡಿ, ಇವಳ ಮುಖವನ್ನು ನೋಡಿ, ದನಿ ತಗ್ಗಿಸಿ ಕೇಳಿದಳು. "ಅಕ್ಕಾ, ಮೊದಲ್ನೇ ಸಲ ಕೆಲವರಿಗೆ ಗಾಬರಿ ಆಗಿರುತ್ತೆ. ಇದನ್ನ ತೆಗೆದುಹಾಕಿ ಇನ್ನೊಂದ್ಸಲ ಮಾಡೋಣ್ವಾ? ಸ್ವಲ್ಪ ಚೆನ್ನಾಗಿ ಬಂದ್ರೂ ಬರ್ಬಹುದು."

ಬೋಗುಣಿಯ ಮುಂದೆ ಅವನು ಗಲ್ಲ ಎತ್ತದೆ ಹಾಗೇ ಕೂತಿದ್ದ, ಅವಳ ಉತ್ತರಕ್ಕೆ ಕಿವಿಗೊಟ್ಟು.

"ಮಾಡಿ" ಎಂದಳು ಅವಳು. "ಆದ್ರೆ ಮೊದಲ್ನೇದನ್ನ ಅಳಿಸ್ಬೇಡಿ."