ಎಣಿಸಿದ ಉಸಿರು

ಎಂಬತ್ತೈದನೇ ಇಸವಿಯಲ್ಲಿ ಬಹರೈನಿನಿಂದ ರಜೆಗೆ ಬಂದ ಕಾಪುವಿನ ಆಲ್ಫೋನ್ಸ್, ಗೊರಕೆಯ ತೊಂದರೆಗೆಂದು ಹೆಂಡತಿ ಡುಲ್ಸಿನ್ ಜೊತೆ ಮಣಿಪಾಲದ ಡಾಕ್ಟರ ಮುಂದೆ ಕುಳಿತಿದ್ದ.

"ನಿದ್ದೆಯಲ್ಲಿ ಉಸಿರು ತುಂಬ ಹೊತ್ತು ನಿಲ್ಲುವುದಾದರೆ ಕುತ್ತಿಗೆಯಲ್ಲಿ ತೂತು ಮಾಡಬೇಕು. ಸ್ವಲ್ಪವೇ ಹೊತ್ತಾದರೆ ಕಿರುನಾಲಗೆ, ಗಂಟಲಿನ ಹೆಚ್ಚಿನ ಮಾಂಸ ಕತ್ತರಿಸಿದರೆ ಸಾಕು," ಎಂದ ಡಾಕ್ಟರು ಡುಲ್ಸಿನ್ ಕಡೆ ತಿರುಗಿದರು. "ಎಷ್ಟು ಹೊತ್ತು ನಿಲ್ಲುತ್ತದಮ್ಮ?"

ಅವಳು ಗಂಡನ ಮುಖ ನೋಡಿದಳು. ಆಲ್ಫೋನ್ಸ್ ಜೇಬಿನಿಂದ ಚೀಟಿ ತೆಗೆದುಕೊಟ್ಟ. ಮೂರು ರಾತ್ರಿಗಳ ಲೆಕ್ಕ, ಸೆಕೆಂಡು ಸಹಿತ, ದುಂಡಗಿನ ಅಕ್ಷರಗಳಲ್ಲಿ.

"ಎಂತ ಇದು? ಯಾರು ಬರೆದದ್ದು?" ಎಂದಳು ಡುಲ್ಸಿನ್.

"ಅಲ್ಲಿ ಒಬ್ಬಳು ನರ್ಸ್ ಉಂಟು, ಬರ್ತಾ ಅಂತ." ಅವನು ತಲೆ ತಗ್ಗಿಸಿದ.

ಡುಲ್ಸಿನ್ ಆ ದುಂಡಗಿನ ಅಕ್ಷರಗಳನ್ನೇ ನೋಡಿದಳು. ಆ ಮಾರಿ ಇವನ ಮಗ್ಗುಲಲ್ಲಿ ಮಲಗಿದ್ದರೂ ಸಹಿಸಬಹುದಿತ್ತು. ಮಲಗದೆ ಕುಳಿತು ಉಸಿರು ಎಣಿಸಿದ್ದಾಳಲ್ಲ! ತಾನೋ, ಪ್ರತಿ ರಜೆಯಲ್ಲೂ ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದವಳು.