ಏಣಿ ಹತ್ತಿದ ಸೆತ್ತಿಮಿಯೊ

ಸೆತ್ತಿಮಿಯೊ ಹೆಂಡತಿಯೊಂದಿಗೆ ಬ್ಯೂನಸ್ ಐರಿಸ್‌ಗೆ ಬಂದಿಳಿದ ಮೂರನೇ ದಿನವೇ ದೊಡ್ಡಪ್ಪನ ಮಗ ಒರೆಸ್ತೆ ಅವನಿಗೆ ಸ್ಪ್ಯಾನಿಷ್ ಕಲಿಸತೊಡಗಿದ. ಇಟಲಿ ಬಿಟ್ಟು ಒಂಬತ್ತು ವರ್ಷವಾಗಿದ್ದ ಒರೆಸ್ತೆಗೆ ಅದೊಂದು ಮೋಜು. ವಠಾರದ ಒಡತಿಗೆ ನಮಸ್ಕಾರ ಹೇಳುವ ಮಾತೆಂದು ಹೊಲಸು ಬೈಗುಳವೊಂದನ್ನು ಬಾಯಿಪಾಠ ಮಾಡಿಸಿದ. ಆಕೆ ಬಟ್ಟೆ ಒಗೆದ ನೀರನ್ನು ಮೈಮೇಲೆ ಸುರಿದಾಗ ಇಡೀ ವಠಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸೆತ್ತಿಮಿಯೊನೂ ನಕ್ಕ, ಯಾಕೆಂದು ಗೊತ್ತಿರಲಿಲ್ಲ.

ಅವನನ್ನು ಗಾರೆ ಕೆಲಸಕ್ಕೆ ಸೇರಿಸಿದವನೂ ಒರೆಸ್ತೆಯೇ. ಅಲ್ಲಿನ ಮೇಸ್ತ್ರಿ ಇತುರಾಲ್ದೆಗೆ ಇಟಲಿಯವರನ್ನು ಕಂಡರೆ ಆಗದು. ಆದರೂ ಕೆಲಸಕ್ಕೆ ಅವರದೇ ಮಾತು ಹಿಡಿದು 'ಲಬೂರೊ' ಅನ್ನುತ್ತಿದ್ದ, ತನ್ನಜ್ಜ ಬಿಟ್ಟುಹೋದ ಆಸ್ತಿಯೆಂಬಂತೆ.

ಒಂದು ಬೆಳಿಗ್ಗೆ ಹೊಸ ಗೋಡೆ ಬಿರುಕು ಬಿಟ್ಟು ವಾಲತೊಡಗಿತು. ಅದರ ಬುಡದಲ್ಲಿ ಏಣಿ ಹಿಡಿದು ಸೆತ್ತಿಮಿಯೊ ಒಬ್ಬನೇ ನಿಂತಿದ್ದ.

"ಸಾಲ್ಗ!" ಎಂದು ಮೇಸ್ತ್ರಿ ಕೂಗಿದ.

ಸ್ಪ್ಯಾನಿಷಿನಲ್ಲಿ 'ಹೊರಗೆ ಬನ್ನಿ' ಎಂದರ್ಥ. ಸೆತ್ತಿಮಿಯೊನ ಊರಲ್ಲಿ ಅದೇ ಮಾತಿಗೆ 'ಮೇಲೆ ಹತ್ತಿ' ಎಂದರ್ಥ. ಮೇಸ್ತ್ರಿ ಬಹುವಚನ ಕೊಟ್ಟರಲ್ಲ ಎಂದು ಹಿಗ್ಗಿ, ಟೋಪಿ ಸರಿಮಾಡಿಕೊಂಡು ಸರಸರನೆ ಏಣಿ ಹತ್ತಿದ.

"ನೋಡ್ರೋ, ಕೋತಿ ಏರ್ತಾ ಇದೆ," ಅಂದ ಯಾರೋ.

ಒರೆಸ್ತೆಗೆ ತಕ್ಷಣ ಅರ್ಥವಾಯಿತು. ತಮ್ಮೂರ ಮಾತಲ್ಲಿ 'ಇಳಿಯೋ' ಅಂದಿದ್ದರೆ ಸಾಕಿತ್ತು. ಆದರೆ ಸುತ್ತ ಎಲ್ಲರೂ ನಗುತ್ತಿದ್ದರು, ಅವನಿಗೂ ನಗು ಬಂತು. ನಕ್ಕು ಮುಗಿಸುವಷ್ಟರಲ್ಲಿ ಗೋಡೆ ಬಿತ್ತು.

ಹೆಣ ವಠಾರಕ್ಕೆ ಬಂದಾಗ ಸೆತ್ತಿಮಿಯೊನ ಹೆಂಡತಿ ಅಲ್ದುಯಿನಾ ಅಳಲಿಲ್ಲ. "ಭಾವ, ಮೇಸ್ತ್ರಿ ಏನಂದ್ರು ಅವರಿಗೆ?" ಎಂದು ಕೇಳಿದಳು.

"ಈಚೆ ಬನ್ನಿ ಅಂದ್ರು ಕಣಮ್ಮ. ಇವನು ಕೇಳ್ಲಿಲ್ಲ."

"ಅವರಂದ ಮಾತನ್ನೇ ಹೇಳಿ."

ಒರೆಸ್ತೆ ನೆಲ ನೋಡುತ್ತ ಹೇಳಿದ.

"ಅದು ಹತ್ತಿ ಅಂತ ಅಲ್ವಾ?"

"ಇಲ್ಲಿ ಹಾಗಲ್ಲ."

"ನೀವೆಲ್ಲಿದ್ರಿ ಆಗ?"

"ದೂರ ಇದ್ದೆ. ನನಗೆ ಕಾಣಿಸ್ಲಿಲ್ಲ."

ಮೇಸ್ತ್ರಿ ಸರಿಯಾಗೇ ಎಚ್ಚರಿಸಿದ್ದನೆಂದು ಒರೆಸ್ತೆ ಪೊಲೀಸರೆದುರು ಹೆಬ್ಬೆಟ್ಟು ಒತ್ತಿದ.

ತಿಂಗಳೊಳಗೆ, 'ಸಾಲ್ಗ' ಅನ್ನಿಸಿಕೊಂಡು ಯಾರ ಕೆಲಸ ಹೋದರೂ "ಅವನು ಸೆತ್ತಿಮಿಯೊ ಆದ" ಅನ್ನುವ ಮಾತು ಗಾರೆಯವರ ಬಾಯಲ್ಲಿ ಹುಟ್ಟಿತು. ಒರೆಸ್ತೆಯೂ ಅಂದ. ಎರಡು ವರ್ಷದಲ್ಲಿ ಬಂದರಿನ ಹಮಾಲರು, ಟ್ರಾಮಿನವರು, ಸೆತ್ತಿಮಿಯೊ ಯಾರೆಂದು ತಿಳಿಯದವರೆಲ್ಲ ಅನ್ನತೊಡಗಿದರು.

ಒಂದು ಮಧ್ಯಾಹ್ನ ವಠಾರಕ್ಕೆ ಹೊಸದಾಗಿ ಬಂದ ಹೆಂಗಸೊಬ್ಬಳು ಬಟ್ಟೆ ಒಗೆಯುತ್ತ ಹೇಳಿದಳು: "ನಮ್ಮನೆಯವರು ನಿನ್ನೆ ಸೆತ್ತಿಮಿಯೊ ಆದ್ರು ಕಣೆ."

ಅಷ್ಟು ಹೊತ್ತಿಗೆ ಅಲ್ದುಯಿನಾಗೆ ಸ್ಪ್ಯಾನಿಷ್ ಚೆನ್ನಾಗಿ ಬರುತ್ತಿತ್ತು.

"ಬೇರೆ ಕೆಲಸ ಸಿಗತ್ತೆ ಬಿಡು," ಎಂದು ಹೇಳಿ ಅವಳು ಬಟ್ಟೆ ಹಿಂಡಿದಳು.