ನಿದ್ದೆ ಮಾಡದ ಮಂತ್ರಗಾರ

“ನಿದ್ದೆ ಮಾಡಲ್ಲ ಅಂದ್ರೆ ಏನೋ ಅರ್ಥ?” ದಾಳಗಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಅಕ್ಕ ಕೇಳಿದಳು.

“ಮಾಡಲ್ಲ ಅಂದ್ರೆ ಮಾಡಲ್ಲ. ನನ್ನ ಮಂತ್ರಗಾರ ಇನ್ಮೇಲೆ ಮಲಗೋದೇ ಇಲ್ಲ. ಮಲಗಲೇಬೇಕು ಅಂತ ಎಲ್ಲಿ ಬರ್ದಿದೆ, ತೋರಿಸು.” ತಮ್ಮ ನಿಯಮಗಳ ದಪ್ಪ ಪುಸ್ತಕವನ್ನು ಅವಳ ಕಡೆ ತಳ್ಳಿದ.

“ಶುರುವಾಯ್ತಪ್ಪ ಲಾಯರ್ ಸಾಹೇಬ್ರದು,” ಎಂದು ಆಟಕ್ಕೆ ಬಂದಿದ್ದ ಪಕ್ಕದ ಮನೆಯ ದರ್ಜಿ ಕುರ್ಚಿಗೆ ಒರಗಿದ. “ನಾವು ಚಾಪೆ ಕೆಳಗೆ ತೂರಿದ್ರೆ ಇವ್ರು ರಂಗೋಲಿ ಕೆಳಗೆ ತೂರೋರು.”

ಭಾನುವಾರ ಮಧ್ಯಾಹ್ನ ಅಕ್ಕನ ಕೆಲಸದ ಕೋಣೆಯಲ್ಲಿ ಈ ಆಟ. ವಾರವಿಡೀ ಅವಳು ಅಲ್ಲಿ ಕಟ್ಟುಹಲ್ಲು ಮಾಡುತ್ತಾಳೆ. ಭಾನುವಾರ ಅದೇ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳು ಬೆಟ್ಟಗಳಾಗುತ್ತವೆ, ಒಡೆದ ಕೋರೆಹಲ್ಲುಗಳು ರಾಕ್ಷಸರಾಗುತ್ತವೆ. ಅವಳು ಕಥೆ ಹೇಳುತ್ತಾಳೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ, ಬದುಕುವುದು ಸಾಯುವುದು ದಾಳದ ಕೈಯಲ್ಲಿ.

ತಮ್ಮ ವಿಮಾ ಕಚೇರಿಯವನು. ಯಾರ ಕ್ಲೇಮಿನಲ್ಲಿ ಎಲ್ಲಿ ತೂತಿದೆ ಎಂದು ಹುಡುಕಿ ಮುಚ್ಚುವುದೇ ಅವನ ಹೊಟ್ಟೆಪಾಡು. ಒಂದು ದಿನವಾದರೂ ತೂತಿನೊಳಗೆ ತಾನೇ ನುಸುಳಬೇಕು ಎಂಬ ಆಸೆ ಇದ್ದರೆ ತಪ್ಪೇನು?

“ನೋಡು, ಹುಟ್ಟು ಮಂತ್ರಗಾರನ ಶಕ್ತಿ ಒಂದು ಹಂಡೆ, ಅದು ತುಂಬೋದು ರಾತ್ರಿಯೆಲ್ಲಾ ಮಲಗಿ ಎದ್ರೆ. ಭೂತದ ಜೊತೆ ಒಪ್ಪಂದ ಮಾಡ್ಕೊಂಡ ಮಂತ್ರಗಾರನಿಗೆ ಸಿಗೋದು ಒಂದೇ ಚೊಂಬು, ಆದ್ರೆ ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ ಮತ್ತೆ ತುಂಬುತ್ತೆ. ಒಬ್ಬನೇ ಎರಡೂ ವಿದ್ಯೆ ಕಲೀಬಹುದು ಅಂತ ಪುಸ್ತಕವೇ ಹೇಳುತ್ತೆ. ಚೊಂಬಿನ ನೀರನ್ನ ಹಂಡೆಗೆ ಸುರಿ, ಕೂತ್ಕೋ, ಮತ್ತೆ ಸುರಿ. ಹೀಗೆ ಹೆಚ್ಚಿಗೆ ಕೂಡಿಟ್ಟಿದ್ದು ಹೋಗೋದು ಮಲಗಿ ಎದ್ದಾಗ ಮಾತ್ರ. ಮಲಗದೇ ಇದ್ರೆ?”

“ಹಂಡೆ ಕೆರೆ ಆಗುತ್ತೆ,” ಅಂದ ದರ್ಜಿ.

ಅಕ್ಕ ಪುಟ ತಿರುವಿದಳು, ತಮ್ಮನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಹಲಸಿನ ಬೀಜ ಬಚ್ಚಿಟ್ಟುಕೊಂಡಾಗ ಇದ್ದಂಥದೇ ಮುಖ. “ಆಯ್ತು, ಆಡು,” ಅಂದಳು.

ಮೇಜಿನ ಆ ತುದಿಯಲ್ಲಿ ಕೂತಿದ್ದ ಭಾವ ಇದನ್ನೆಲ್ಲ ತುಟಿಗಳಲ್ಲಿ ಓದಲು ನೋಡಿ, ಅರ್ಧಕ್ಕೇ ಕೈಬಿಟ್ಟು ಮುಗುಳ್ನಕ್ಕ. ಕ್ರೇನ್ ಓಡಿಸಿ ಓಡಿಸಿ ಅವನ ಕಿವಿ ಮಂದವಾಗಿತ್ತು. ನಾಲ್ಕು ಜನ ಸೇರಿದ ಕಡೆ ಎಲ್ಲರೂ ನಕ್ಕ ಮೇಲೆ ನಗುತ್ತಿದ್ದವನು, ಬರುಬರುತ್ತಾ ನಗುವುದನ್ನೇ ಬಿಟ್ಟಿದ್ದ. ಅಕ್ಕ ಈ ಆಟ ಶುರುಮಾಡಿದ್ದೇ ಅದಕ್ಕೆ. ಬೇರೆಲ್ಲ ಕಡೆ ಮಾತು ಭಾವನನ್ನು ದಾಟಿ ಓಡಿಬಿಡುತ್ತದೆ. ಇಲ್ಲಿ ಅವನ ಸರದಿ ಬಂದರೆ ನಿಂತು ಕಾಯುತ್ತದೆ. ಅಕ್ಕ ಅವನ ಮುಂಗೈ ಮುಟ್ಟಬೇಕು, ಅವನು ಮುಗಿಸುವ ತನಕ ಬೇರೆ ಯಾರೂ ಬಾಯಿ ಬಿಡಬಾರದು. ಯಾವ ಪುಸ್ತಕದಲ್ಲೂ ಇಲ್ಲದ ನಿಯಮ ಅದು.

ಭಾವನ ಪಾತ್ರ ಗಾಯ ಮಾಯಿಸುವ ಒಬ್ಬ ಅಜ್ಜಿ. ಅಷ್ಟು ದೊಡ್ಡ ಆಳು ಬೆನ್ನು ಬಗ್ಗಿಸಿ, ದನಿ ನಡುಗಿಸಿ, “ಬಾರೋ ಮಗಾ, ಎಲ್ಲಿ ಕುಯ್ಯಿಸ್ಕೊಂಡೆ ತೋರ್ಸು. ಅಯ್ಯೋ ನಿನ್ನ ಮನೆ ಕಾಯ್ವಾಗ, ಇದೇನು ಕುತ್ತಿಗೇನೋ ಹರಿದ ಅಂಗೀನೋ!” ಎಂದರೆ ದರ್ಜಿಯ ಕಣ್ಣಲ್ಲಿ ನೀರು ಬರುವಷ್ಟು ನಗು. ಅಜ್ಜಿಯ ಬೈಗುಳ ಕೇಳಲೆಂದೇ ಅವನ ಕತ್ತಿವೀರ ಬೇಕಂತಲೇ ಮುಂದೆ ನುಗ್ಗಿ ಪೆಟ್ಟು ತಿನ್ನುತ್ತಿದ್ದ.

ಆವತ್ತೂ ತಿಂದ. ಅಕ್ಕ ಭಾವನ ಮುಂಗೈ ಮುಟ್ಟಿದಳು. ಭಾವ ಗಂಟಲು ಸರಿಮಾಡಿಕೊಂಡು ಬೆನ್ನು ಬಗ್ಗಿಸಿದ. “ಬಾರೋ ಮಗಾ...”

“ಬೇಡ ಬಿಡಿ ಭಾವ,” ತಮ್ಮ ನಡುವೆ ಬಾಯಿ ಹಾಕಿದ. “ಅವನು ಬಿದ್ದ ಕೂಡ್ಲೇ ನಾನೇ ವಾಸಿ ಮಾಡ್ಬಿಟ್ಟೆ. ನನ್ನ ಪಟ್ಟೀಲೂ ಆ ಮಂತ್ರ ಇದೆ. ಅಜ್ಜಿ ಶಕ್ತಿ ಉಳೀಲಿ.”

“ಏನಂದ?” ಭಾವ ಹೆಂಡತಿಯ ಕಡೆ ತಿರುಗಿದ. ಅಕ್ಕ ಬಿಡಿಸಿ ಹೇಳಿದಳು.

“ಹೌದಾ? ಒಳ್ಳೇದಾಯ್ತು,” ಎಂದು ಭಾವ ಬೆನ್ನು ನೆಟ್ಟಗೆ ಮಾಡಿಕೊಂಡ.

ಆ ಮಧ್ಯಾಹ್ನ ಮತ್ತೆ ಮತ್ತೆ ಹಾಗೇ ಆಯಿತು. ತಮ್ಮನ ಕೆರೆ ಬತ್ತಲಿಲ್ಲ. ರಾಕ್ಷಸರು ಸುಟ್ಟುಹೋದರು, ಬಾಗಿಲುಗಳು ತಾವೇ ತೆರೆದುಕೊಂಡವು, ಗಾಯಗಳು ನೋಯುವ ಮೊದಲೇ ಮಾಯ್ದವು. ಮನೆಗೆ ಹೋಗುವ ದಾರಿಯುದ್ದಕ್ಕೂ ತಮ್ಮ ಶಿಳ್ಳೆ ಹಾಕಿದ.

ಮುಂದಿನ ಭಾನುವಾರ ಭಾವ ಮೇಜಿಗೆ ಬರಲಿಲ್ಲ. “ಬಟಾಣಿ ಸುಲಿಯೋದಿದೆ, ನೀವು ಆಡ್ತಿರಿ,” ಅಂದ. ಕತ್ತಿವೀರ ಬಿದ್ದ, ತಮ್ಮ ಎಬ್ಬಿಸಿದ. ಯಾರೂ ನಗಲಿಲ್ಲ.

“ಏನೋ, ವಾಸಿಯಾಯ್ತು,” ಎಂದು ದರ್ಜಿ ದಾಳವನ್ನು ಬೆರಳಲ್ಲಿ ಹೊರಳಿಸಿದ. “ಅಜ್ಜಿ ಕೈಲಿ ಬೈಸ್ಕೊಳ್ದೇ ವಾಸಿ ಆದಂಗೇ ಇಲ್ಲ ಕಣಪ್ಪಾ.”

ತಮ್ಮನಿಗೆ ಆಗ ನಾಟಿತು. ಆ ವಾರವೆಲ್ಲ ಕಚೇರಿಯಲ್ಲಿ ಕೂತರೂ ಅವನಿಗೆ ಕಾಣುತ್ತಿದ್ದದ್ದು ಬಗ್ಗಿ ಮತ್ತೆ ನೆಟ್ಟಗಾದ ಆ ಬೆನ್ನು. ಎಲ್ಲೆಲ್ಲೋ ಕೇಳಿ, ಭಾನುವಾರ ಬರುವಷ್ಟರಲ್ಲಿ ನಿಯಮಗಳ ಇನ್ನೊಂದು ಪುಸ್ತಕ ಹುಡುಕಿ ತಂದ.

“ಇಲ್ನೋಡು, ನಿದ್ದೆಗೆಟ್ರೆ ಸುಸ್ತು ಹಿಡಿಯುತ್ತೆ ಅಂತ ಇದೆ. ನಾನು ಮಾಡಿದ್ದು ನಡೆಯಲ್ಲ. ನನ್ನ ಕೆರೆ ಒಡೆದುಹಾಕು.”

“ನನಗೆ ಮೊದ್ಲೇ ಗೊತ್ತಿತ್ತು ಕಣೋ,” ಅಂದಳು ಅಕ್ಕ. “ಅಷ್ಟು ಖುಷಿಯಾಗಿದ್ದೆ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಅವತ್ತೇ ಅನ್ಬೇಕಿತ್ತು.” ಪ್ಲಾಸ್ಟರಿನ ಪುಡಿಯನ್ನು ಅಂಗೈಯಿಂದ ಒರೆಸಿದಳು. “ನನಗ್ಯಾಕೆ ಹೇಳ್ತೀಯ? ಹೋಗಿ ಅವರಿಗೆ ಹೇಳು.”

ಭಾವ ಅಡುಗೆಮನೆಯ ನೆಲದ ಮೇಲೆ ಮತ್ತೆ ಬಟಾಣಿಯ ಮೊರ ಇಟ್ಟುಕೊಂಡು ಕೂತಿದ್ದ. ತಮ್ಮ ಎದುರಿಗೆ ಕೂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದ. “ಭಾವಾ, ನನ್ನವನು ಬಿದ್ದಿದ್ದಾನೆ. ಮಂತ್ರ ಎಲ್ಲಾ ಖಾಲಿ. ಅಜ್ಜಿ ಬರ್ಬೇಕಂತೆ.”

ಭಾವನಿಗೆ ಅರ್ಥವಾಯಿತು. ಅವನ ನಗುವಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ವಾಸಿ ಇತ್ತು.

“ಅಜ್ಜಿ ಯಾಕಪ್ಪ? ನೀವು ನೀವೇ ಆಡಿ. ಬೇಗ ಬೇಗ ಆಗುತ್ತೆ.”

“ಬೇಗ ಆಗೋದು ಬೇಡ ಭಾವ,” ಅಂದ ತಮ್ಮ. ಅಷ್ಟರಲ್ಲಿ ಭಾವನ ಕಣ್ಣು ಮೊರದ ಕಡೆ ಇಳಿದಿತ್ತು. ಏನೋ ಕೇಳಿಸಿದವನಂತೆ “ಹ್ಞೂಂ, ಹ್ಞೂಂ,” ಎಂದು ತಲೆ ಆಡಿಸಿದ.

ಕೆಲಸದ ಕೋಣೆಯಿಂದ ದರ್ಜಿ ಆಟಕ್ಕೆ ಕರೆಯುತ್ತಿದ್ದ. ತಮ್ಮ ಏಳಲಿಲ್ಲ. ಒಂದು ಕಾಯಿ ತೆಗೆದುಕೊಂಡು ಉಗುರಿನಿಂದ ಸೀಳಿದ. ಕಾಳೊಂದು ಸಿಡಿದು ನೆಲದ ಮೇಲೆ ಉರುಳಿ ಒಲೆಕಟ್ಟೆಯ ಕೆಳಗೆ ಹೋಯಿತು. ಅದು ಹೋದದ್ದನ್ನು ಇಬ್ಬರೂ ನೋಡಿದರು. ಇಬ್ಬರೂ ಮುಂದಿನ ಕಾಯಿಗೆ ಕೈ ಹಾಕಿದರು.